ಬಂತು, ಬಂದ್ರು

೨೦ ನವೆಂಬರ್ ೧೯೩೯, ಸೋಮವಾರ. ಹೊಸಪೇಟೆ.

ಮೂರನೇ ಫಾರಂ ನೋಟ್‌ಬುಕ್ಕು ತಿದ್ದಿ ಮುಗಿಯಿತು. ಲಿಂಗ ಪ್ರಕರಣ. ಯಾವನೋ ಮಹಾನುಭಾವ 'ರಾಜನು ಬಂದಿತು' ಎಂದು ಬರೆದಿದ್ದಾನೆ. ಕೆಂಪು ಮಸಿಯಲ್ಲಿ ಗೀಟು ಎಳೆಯಲು ಹೋದೆ — ಕೈ ಓಡಲಿಲ್ಲ. ಅರ್ಧ ಅಂಕ ಕೊಟ್ಟು ಮುಚ್ಚಿಟ್ಟೆ. ನಾಳೆ ಕ್ಲಾಸಿಗೆ ಕ್ಲಾಸೇ ಜಗಳಕ್ಕೆ ಬರುತ್ತದೆ, ಬರಲಿ.

ಸಂಜೆ ಬುಕ್ಕಸಾಗರದ ಎರ್ರಿಯಪ್ಪ ಬಂದಿದ್ದ. ಅಪ್ಪನ ತೋಟದ ಮಗ್ಗುಲಲ್ಲೇ ಅವನ ಹೊಲ; ಅಪ್ಪ ಅವನ ಬಾಯಲ್ಲಿ ಬಾಬುಗಳು. ಕುಂದ್ರು ಎಂದರೂ ನಿಂತೇ ಮಾತಾಡಿದ.

"ಬಾಬುಗಳು ತೀರಿಹೋಗಿ ತಿಂಗಳ ಮ್ಯಾಲಾತ್ರಿ ಮಾಸ್ತರ. ಕಬ್ಬಿನ ರೈತರೆಲ್ಲಾ ಕೂಡಿ ಅವರ ಹೆಸರಿನಾಗ ಸಭಾ ಮಾಡಬೇಕಂತೀವಿ. ಜನವರಿ ಇಪ್ಪತ್ತೊಂದಕ್ಕ, ಕಂಪ್ಲಿಯಾಗ. ನೀವು ನಾಕು ಮಾತು ಆಡಬೇಕು."

ಕಂಪ್ಲಿಯಲ್ಲೇ ಯಾಕೆ ಎಂದೆ.

"ಮತ್ತ? ಅಲ್ಲೇ ಅಲ್ರಿ ಅವರು ಭಾಷಣ ಮಾಡಿದ್ದು. ನೀವೂ ಇದ್ರಲ್ಲ."

ಇದ್ದೆ. ಆಗಲಿ ಎಂದೆ. ಬೇರೆ ಏನು ಹೇಳಲಿ?

೨೩ ನವೆಂಬರ್, ಗುರುವಾರ

ಭಾಷಣದ ಕರಡು —

'ಶ್ರೀ ನಿಶಿಕಾಂತ ಗುಹರವರು ಢಾಕಾ ಸೀಮೆಯಲ್ಲಿ ಜನಿಸಿ, ಕಲ್ಕತ್ತೆಯಲ್ಲಿ ರಸಾಯನಶಾಸ್ತ್ರ ಓದಿ, ೧೯೧೦ರಲ್ಲಿ ಮ್ಯಾಂಗನೀಸ್ ಅದಿರಿನ ಪರೀಕ್ಷಕರಾಗಿ ಸಂಡೂರಿಗೆ ಆಗಮಿಸಿದರು...'

ಆಗಮಿಸಿದರಂತೆ! ಅಪ್ಪ ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎರಡೇ ವರ್ಷಕ್ಕೆ ಅದಿರು ಸಾಕಾಯಿತು. "ಕಲ್ಲು ಮಾತಾಡಂಗಿಲ್ಲ, ಕಬ್ಬು ಮಾತಾಡ್ತಾರೆ" ಎಂದು ಬುಕ್ಕಸಾಗರಕ್ಕೆ ಬಂದು, ಕಾಲುವೆ ಪಕ್ಕ ತೋಟ ಮಾಡಿಕೊಂಡು ಕೂತರು. ನಾನು ಹುಟ್ಟಿದ್ದು ಅಲ್ಲೇ. ಅಮ್ಮ ಹದಿನೆಂಟರ ಇನ್‌ಫ್ಲುಯೆಂಜಾದಲ್ಲಿ ಹೋದಳು. ನನಗಾಗ ಆರು. ಮನೆಗೆಲಸಕ್ಕೆ ಬರುತ್ತಿದ್ದ ಶಾಂತಕ್ಕ ಸಾಕಿದಳು. ಊರಿಗೆ ವಾಪಸ್ ಬಾ ಎಂದು ಢಾಕಾದಿಂದ ಕಾಗದದ ಮೇಲೆ ಕಾಗದ. ಅಪ್ಪ ಹೋಗಲಿಲ್ಲ.

ಕಬ್ಬಿನ ಸೂಲಂಗಿಯಲ್ಲಿ, ಆ ತುದಿಯ ಹೂತೆನೆಯಲ್ಲಿ, ಬೀಜ ಇರುತ್ತದೆಂದೇ ಇಲ್ಲಿಯವರಿಗೆ ಗೊತ್ತಿರಲಿಲ್ಲ. ಆ ನವಿರಾದ ಬೀಜವನ್ನು ಕುಂಡದಲ್ಲಿ ಉದುರಿಸಿ, ಸಾವಿರಾರು ಸಸಿ ಎಬ್ಬಿಸಿ, ಕೆಂಪು ಕೊಳೆ ರೋಗ ತಗಲದ ಒಂದೇ ಒಂದಕ್ಕಾಗಿ ಹನ್ನೊಂದು ವರ್ಷ ಕಾದರು. ಈಗ ಕಂಪ್ಲಿ ಸುತ್ತ ಎಲ್ಲಿ ನೋಡಿದರೂ ಅದೇ ಕಬ್ಬು. ಜನ ಬಾಬು ಕಬ್ಬು ಅನ್ನುತ್ತಾರೆ.

'ಕನ್ನಡವನ್ನು ಸುಲಲಿತವಾಗಿ ಕಲಿತರು' ಎಂದೂ ಬರೆದೆ. ಹೊಡೆದು ಹಾಕಿದೆ. ಕನ್ನಡ ಮಾಸ್ತರನಾಗಿ ಇಷ್ಟು ದೊಡ್ಡ ಸುಳ್ಳೇ?

ಕಳೆ ತೆಗೆಯುವ ಹೆಂಗಸರ ಬಾಯಿಂದ ಕಲಿತ ಕನ್ನಡ ಅದು. ಮನುಷ್ಯರೆಲ್ಲಾ 'ಬಂತು', ಕಬ್ಬೆಲ್ಲಾ 'ಬಂದ್ರು'. ತಹಸೀಲ್ದಾರ್ ಬಂತು. ಶಾಂತಕ್ಕ ಬಂತು. ಕುಂಡದಲ್ಲಿ ಮೊಳಕೆ ಕಂಡರೆ ಮಾತ್ರ ಪಿಸುದನಿ — "ಮೂರು ಜನ ಬಂದ್ರು!" ನಾನು ಸಾಲಿಯಿಂದ ಬಂದರೆ ಬಾಗಿಲಲ್ಲೇ ಕೂಗು — "ನಮ್ಮ ಪುರಂದರ ಬಂತು!" ಗೆಳೆಯರ ಕಿವಿಗೆ ಬಿತ್ತು. ಅಲ್ಲಿಂದ ಮುಂದೆ ನಾನು ಕ್ಲಾಸಿಗೆ ಕಾಲಿಟ್ಟರೆ ಸಾಕು, ಹಿಂದಿನ ಬೆಂಚಿಂದ 'ಗುಹ ಬಂತು, ಗುಹ ಬಂತು'. ಬಹುಶಃ ಅದಕ್ಕೇ ಕನ್ನಡ ಮಾಸ್ತರನಾದೆ. ಒಬ್ಬನೂ ತಪ್ಪು ಹುಡುಕಬಾರದು, ಅಷ್ಟು ಶುದ್ಧ ಕನ್ನಡ.

ಕೊನೆಯ ಮೂರು ವರ್ಷ ಅಪ್ಪನೂ ಸುಧಾರಿಸಿದ್ದರು. ನಾನು ಹೋದರೆ "ಪುರಂದರ ಬಂದ್ರು, ಕುರ್ಚಿ ಹಾಕ್ರಿ" ಎನ್ನುತ್ತಿದ್ದರು. ಅಂತೂ ಕಲಿತರಲ್ಲ ಎಂದು ಖುಷಿಪಟ್ಟಿದ್ದೆ. ಇದನ್ನು ಭಾಷಣಕ್ಕೆ ಸೇರಿಸಬಹುದು. ಜನ ನಗುತ್ತಾರೆ.

೩ ಡಿಸೆಂಬರ್, ಭಾನುವಾರ. ಬುಕ್ಕಸಾಗರ, ಮಧ್ಯಾಹ್ನ.

ಬೆಳಿಗ್ಗೆ ಎರ್ರಿಯಪ್ಪನ ಗಾಡಿಯಲ್ಲಿ ಬಂದೆ. ಅಪ್ಪನ ಕಾಗದಪತ್ರ ನೋಡಿ ಭಾಷಣಕ್ಕೆ ಒಂದಿಷ್ಟು ಇಸವಿ ಗುರುತು ಹಾಕಿಕೊಳ್ಳುವುದಿತ್ತು. ಶಾಂತಕ್ಕ ರೊಟ್ಟಿ ಬಡಿಯುತ್ತಿದ್ದಾಳೆ.

ಕುಂಡಗಳಿಗೆ ಈಗಲೂ ಆಕೆಯೇ ನೀರು ಹಾಕುತ್ತಾಳೆ. "ಇವ್ರಿಗೆ ಬಿಸಿಲು ಜಾಸ್ತಿ ಆಗೈತಿ, ಒಂದು ಕೈ ಹಚ್ಚು, ಒಳಗಿಡೋಣು" ಎಂದಳು. ಸಸಿಗೆ ಇವ್ರು! ನಗು ಬಂತು. ಆಕೆ ನಗಲಿಲ್ಲ.

ಟ್ರಂಕಿನಲ್ಲಿ ಹದಿನೆಂಟು ನೋಟ್‌ಬುಕ್ಕು. ಒಂದರ ಬೆನ್ನಿಗೆ 'ಕನ್ನಡ' ಎಂದು ವಕ್ರವಾಗಿ ಬರೆದಿದೆ. ಒಳಗೆಲ್ಲಾ ಇಂಗ್ಲಿಷು. ಸಂಜೆ ಓದುತ್ತೇನೆ.

ಅದೇ ದಿನ, ಸಂಜೆ ಆರು

ಓದಬಾರದಿತ್ತು.

೧೯೧೨ರ ಪುಟ. ನನ್ನ ಕನ್ನಡದಲ್ಲಿ ಇಳಿಸುತ್ತೇನೆ —

'ಬಂತು: ಹೊಲದ ಹೆಂಗಸರು ತಮ್ಮ ಕೂಸಿಗೆ, ಮಗಳಿಗೆ ಹೀಗನ್ನುತ್ತಾರೆ. ಪ್ರೀತಿಯ ರೂಪ. ನಮ್ಮವರಿಗೆ. ಬಂದ್ರು: ಮರ್ಯಾದೆಯ ರೂಪ. ದೂರದವರಿಗೆ. ಈ ಊರಲ್ಲಿ ನನಗೆ ಎಲ್ಲರೂ ನಮ್ಮವರಾಗಬೇಕು, ಆದ್ದರಿಂದ ಎಲ್ಲರಿಗೂ ಬಂತು. ಕಬ್ಬಿಗೆ ಮಾತ್ರ ಬಂದ್ರು. ನಾನು ಅವರ ನೌಕರ.'

ಮುಂದೆ ವರ್ಷಗಟ್ಟಲೆ ಪದಗಳ ಪಟ್ಟಿ. ಕೊನೆಯ ಬರಹ ೧೯೩೬ರ ಫೆಬ್ರವರಿ ಹತ್ತರದ್ದು. ಒಂದೇ ಸಾಲು.

'ಪುರಂದರ: ಇನ್ನು ಮುಂದೆ ಬಂದ್ರು.'

ಅದರ ಹಿಂದಿನ ದಿನವೇ ಕಂಪ್ಲಿ.

ಶಾಂತಕ್ಕ ಊಟಕ್ಕೆ ಕರೆಯುತ್ತಿದ್ದಾಳೆ. ಹಸಿವಿಲ್ಲ ಎಂದೆ.

೪ ಡಿಸೆಂಬರ್, ಹೊಸಪೇಟೆ

ಬರೆದು ಮುಗಿಸಿಬಿಡುತ್ತೇನೆ.

೧೯೩೬, ಫೆಬ್ರವರಿ ಒಂಬತ್ತು. ಕಂಪ್ಲಿಯಲ್ಲಿ ರೈತರ ವಸ್ತುಪ್ರದರ್ಶನ. ಮದ್ರಾಸಿನಿಂದ ಯಾರೋ ದೊಡ್ಡ ಅಧಿಕಾರಿ. ಸ್ವಾಗತಗೀತೆ ಹಾಡಿಸಲು ನಮ್ಮ ಶಾಲೆಯನ್ನು ಕರೆದಿದ್ದರು. ನಾನು ಹೊಸ ಕೋಟು ಹಾಕಿಕೊಂಡು ಶಾಲಾ ಇನ್‌ಸ್ಪೆಕ್ಟರ್ ಪಕ್ಕದ ಕುರ್ಚಿಯಲ್ಲಿ. ಕೆಲಸ ಕಾಯಂ ಆಗಿರಲಿಲ್ಲ. ಅವರ ಒಂದು ಮಾತಿಗೆ ಕಾದಿದ್ದೆ.

ಅಪ್ಪ ವೇದಿಕೆ ಹತ್ತಿದರು. ಕೈಯಲ್ಲಿ ಕಬ್ಬಿನ ಜಲ್ಲೆ, ಮದುವೆ ಗಂಡಿನ ಹಾಗೆ ಮುಖ ಅರಳಿತ್ತು. "ಮದ್ರಾಸ್ ಸಾಹೇಬ್ ಬಂತು, ಭಾಳ ಖುಷಿ ಆತು. ನಮ್ಮ ಕಬ್ಬೂ ಬಂದ್ರು, ಎಲ್ಲಾರೂ ಕೈ ಮುಗೀರಿ." ಸಭೆ ಗೊಳ್ಳೆಂದಿತು. ಅಧಿಕಾರಿಯೂ ನಕ್ಕರು. ಅಪ್ಪ ಜನ ಒಪ್ಪಿದರೆಂದುಕೊಂಡು ಇನ್ನೂ ಜೋರಾಗಿ ಮಾತಾಡಿದರು.

ಭಾಷಣ ಮುಗಿಯುತ್ತಲೇ ಇನ್‌ಸ್ಪೆಕ್ಟರ್ ನನ್ನ ಕಡೆ ಬಾಗಿದರು. "ಯಾರ್ರೀ ಇದು ಪ್ರಾಣಿ?"

ನಾನು ಹೇಳಿದೆ — ಎಷ್ಟು ಸಲೀಸಾಗಿ ಹೇಳಿದೆ! — "ಯಾರೋ ಬಂಗಾಳದವರು ಸರ್. ತೋಟದ ಕಡೆಯವರು."

ಹೇಳಿ ನಕ್ಕೆ ಕೂಡ.

ಅಪ್ಪ ಆಗಲೇ ಕೆಳಗಿಳಿದು ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದರು. ನೀರು ಕೇಳುವುದಕ್ಕೆ. ಇನ್‌ಸ್ಪೆಕ್ಟರಿಗೆ ಕೈ ಮುಗಿದು, "ಹೌದ್ರಿ. ತೋಟದ ಕಡಿಯವ್ನು" ಎಂದರು. ನೀರು ಕುಡಿಯದೇ ಹೋದರು.

ನನಗೆ ಆ ಹೊತ್ತಿಗೆ ಅನ್ನಿಸಿದ್ದೇನು ಗೊತ್ತೇ? ಸದ್ಯ, ಬಚಾವಾದೆ ಎಂದು. ಜೂನ್‌ನಲ್ಲಿ ಕೆಲಸ ಕಾಯಂ ಆಯಿತು. ಪೇಡೆ ತೆಗೆದುಕೊಂಡು ಹೋದೆ. "ಪುರಂದರ ಬಂದ್ರು, ಕುರ್ಚಿ ಹಾಕ್ರಿ" ಎಂದರು. ಕುರ್ಚಿ ಹಾಕಿದ್ದೂ ಅವರೇ. ನಾನು ಕುಂತೆ. ನಮ್ಮಪ್ಪ ಕೊನೆಗೂ ವ್ಯಾಕರಣ ಕಲಿತರು ಎಂದು ಸ್ಟಾಫ್ ರೂಮಿನಲ್ಲಿ — ಇಲ್ಲ, ಸ್ಟಾಫ್ ರೂಮಿನಲ್ಲಿ ಹೇಳಲಿಲ್ಲ. ಅಲ್ಲಿ ನಾನು ಬರೀ ಪುರಂದರ ಮಾಸ್ತರ; ನನಗೊಬ್ಬ ಅಪ್ಪ ಇದ್ದಾನೆಂದು ಯಾರಿಗೆ ಗೊತ್ತಿತ್ತು?

ಥೂ.

೬ ಜನವರಿ ೧೯೪೦, ಶನಿವಾರ

ಒಂದು ತಿಂಗಳು ಈ ಪುಸ್ತಕ ಮುಟ್ಟಲಿಲ್ಲ. ಶಾಲೆ, ಮನೆ. ಇದ್ದ ಕರಡು ಹರಿದು ಹಾಕಿದೆ.

ಇನ್ನೂ ಒಂದಿದೆ, ಬರೆಯದೇ ಉಳಿದದ್ದು. ಅಕ್ಟೋಬರ್ ಹದಿನೆಂಟು. ಬೆಳಿಗ್ಗೆ ಹತ್ತಕ್ಕೆ ಎರ್ರಿಯಪ್ಪ ಶಾಲೆಯ ಬಾಗಿಲಿಗೇ ಗಾಡಿ ತಂದಿದ್ದ. "ಬಾಬುಗಳಿಗೆ ಜ್ವರ ಏರೈತ್ರಿ, ಜಲ್ದಿ ಬರ್ರಿ." ಅವತ್ತು ಇನ್‌ಸ್ಪೆಕ್ಷನ್. ಅದೇ ಇನ್‌ಸ್ಪೆಕ್ಟರ್. ರಜೆ ಕೇಳಿದರೆ ಯಾರಿಗೆ ಹುಷಾರಿಲ್ಲ ಎನ್ನುತ್ತಾರೆ. ಅಪ್ಪ ಎಂದರೆ ಯಾವೂರು, ಏನು ಕೆಲಸ ಎನ್ನುತ್ತಾರೆ. "ಸಂಜಿಗೆ ಬರ್ತೀನಿ ನಡಿ" ಎಂದು ಗಾಡಿ ತಿರುಗಿಸಿ ಕಳಿಸಿದೆ. ಹೋಗಿ 'ಬಂದನು, ಬಂದಳು, ಬಂದಿತು' ಪಾಠ ಮಾಡಿದೆ. ಬಹಳ ಚೆನ್ನಾಗಿದೆ ಎಂದರು.

ಅಪ್ಪ ನಾಲ್ಕು ಗಂಟೆಗೆ ಹೋದರು. ನಾನು ಊರು ಮುಟ್ಟಿದಾಗ ಅವರ ತಲೆದೆಸೆಗೆ ದೀಪ ಹಚ್ಚಿಟ್ಟಿದ್ದರು. ಹಂಪಿಯಲ್ಲಿ ಹೊಳೆಗೆ ಬೂದಿ ಬಿಡುವಾಗ ಜನ ನನ್ನ ಬೆನ್ನು ಸವರಿದರು, ಒಳ್ಳೆಯ ಮಗ ಎಂದು.

ಆ ದಿನ ಅಪ್ಪ ನನ್ನನ್ನು ಕೇಳಿರಬೇಕು. ಯಾವ ಮಾತಿನಲ್ಲಿ ಕೇಳಿದರು? ಬಂತಾ ಎಂದರೋ, ಬಂದ್ರಾ ಎಂದರೋ? ಇದೊಂದು ತಿಳಿಯಬೇಕು ನನಗೆ. ಒಂದು ಸಲ ಬಂತಾ ಎಂದಿದ್ದರೂ ಸಾಕು, ಬದುಕಿಕೊಳ್ಳುತ್ತೇನೆ.

೨೦ ಜನವರಿ, ಶನಿವಾರ. ಬುಕ್ಕಸಾಗರ.

ಮಧ್ಯಾಹ್ನ ಬಂದೆ. ಶಾಂತಕ್ಕ ಕುಂಡಗಳ ಹತ್ತಿರ ಕೂತಿದ್ದಳು. ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ.

"ಅವತ್ತು ಅಪ್ಪ ನನ್ನ ಕೇಳಿದ್ರಾ?"

"ಕೇಳಲಾರ್ದ ಇರ್ತಾರೇನು? ಗಾಡಿ ಸಪ್ಪಳ ಆದಾಗೆಲ್ಲಾ ಕೇಳಿದ್ರು."

"ಏನಂತ ಕೇಳಿದ್ರು? ಪುರಂದರ ಬಂತಾ ಅಂತಾನೋ, ಬಂದ್ರಾ ಅಂತಾನೋ?"

ಆಕೆ ನನ್ನ ಮುಖ ನೋಡಿದಳು. ಗದರಲಿಲ್ಲ. ಅತ್ತಿದ್ದರೂ ತಡೆದುಕೊಳ್ಳುತ್ತಿದ್ದೆ, ಅಳಲೂ ಇಲ್ಲ.

"ಯಾವುದಾದ್ರೇನಪ್ಪ," ಎಂದಳು. "ನೀ ಬರ್ಲಿಲ್ಲಲ್ಲ."

ಎದ್ದು ನೀರು ಹಾಕಲು ಹೋದಳು.

೨೧ ಜನವರಿ, ಭಾನುವಾರ. ಬೆಳಿಗ್ಗೆ ಎಂಟು.

ಒಳ್ಳೆಯ ನಿದ್ದೆ ಬಂದಿತ್ತು, ಅದಕ್ಕೂ ನಾಚಿಕೆ. ಶಾಂತಕ್ಕ ಗಾಡಿಯಲ್ಲಿ ಆಗಲೇ ಕೂತಿದ್ದಾಳೆ, ತೊಡೆಯ ಮೇಲೆ ಒಂದು ಕುಂಡ. ಇನ್‌ಸ್ಪೆಕ್ಟರೂ ಸಭೆಗೆ ಬರುತ್ತಾರಂತೆ. ಬರಲಿ. ಮುಂದಿನ ಸಾಲಿನಲ್ಲೇ ಕೂರಿಸಬೇಕು.

ಭಾಷಣ ಬರೆದಿಲ್ಲ. ಮೊದಲ ಮಾತು ಮಾತ್ರ ಗಟ್ಟಿ ಮಾಡಿಕೊಂಡಿದ್ದೇನೆ. ಇಲ್ಲಿ ಬರೆದಿಟ್ಟರೆ ಅಲ್ಲಿ ನಾಲಿಗೆ ಹೊರಳಲಾರದು —

ಎರ್ರಿಯಪ್ಪ ಬಂತು. ಹೊತ್ತಾತು ಮಾಸ್ತರ ಎಂದು ಬಾಗಿಲಲ್ಲಿ ನಿಂತಿದೆ. ಬರೆಯುತ್ತೇನೆ —

'ನಾಲ್ಕು ವರ್ಷದ ಹಿಂದೆ, ಇದೇ ಕಂಪ್ಲಿಯಲ್ಲಿ, ಇದೇ ಜನರ ಎದುರಿಗೆ, ಇವರು ಯಾರು ಎಂದು ಕೇಳಿದಾಗ ನಾನು ನನ್ನ ಹೆತ್ತ ತಂದೆಯನ್ನು ಯಾರೋ ಎಂದೆ.'