ದಡದ ಮೇಲೊಂದು ದುಡಿಮೆ

ಕೋಡಿ, ಕುಂದಾಪುರ
ಗುರುವಾರ, ೧೯ ಜುಲೈ ೨೦೧೮

ಪ್ರೀತಿಯ ವನಜಾ,

ಹೇಗಿದ್ದೀ? ಮಸ್ಕತ್ತಿನ ಸೆಕೆ ನಿನಗೆ ಒಗ್ಗಿತೋ ಇಲ್ಲವೋ? ರಾತ್ರಿ ಮಗು ನಿದ್ದೆ ಮಾಡಲು ಬಿಡುತ್ತದೋ? ಮಗಳು ಪ್ರೇಕ್ಷಾ ಹಸಿ ಬಾಣಂತಿ, ಅವಳನ್ನು ಈಗಲೇ ತಣ್ಣೀರು ಮುಟ್ಟಲು ಬಿಡಬೇಡ ಎಂದು ಬರೆಯಹೊರಟೆ. ನಿನಗೆ ಬಾಣಂತನ ಕಲಿಸಲು ನಾನ್ಯಾರು! ಮಗುವಿನ ಫೋಟೋ ನೋಡಿದೆ. ಮೂಗು ನಮ್ಮ ಕಡೆಯದೇ, ಸಂಶಯವಿಲ್ಲ. ಅಳಿಯಂದಿರಿಗೆ ಬೇಸರವಾಗದ ಹಾಗೆ ನೋಡಿಕೊಂಡು ಹೇಳು. ನಾನು ಚೆನ್ನಾಗಿದ್ದೇನೆ. ಮಧ್ಯಾಹ್ನದ ಊಟ ನಿನ್ನ ತಂಗಿ ಪದ್ದು ಕೊಟ್ಟು ಕಳಿಸುತ್ತಾಳೆ, ರಾತ್ರಿಗೆ ಗಂಜಿ ನಾನೇ ಬೇಯಿಸಿಕೊಳ್ಳುತ್ತೇನೆ. ಪದ್ದುವಿನ ಸಾರಿಗೆ ಹುಳಿ ಹೆಚ್ಚು. ಇದನ್ನು ಮಾತ್ರ ಅವಳಿಗೆ ತಿಳಿಸಬೇಡ.

ಫೋನಿರುವಾಗ ಪತ್ರ ಯಾಕೆ ಎಂದು ಕೇಳುತ್ತೀ. ಅಲ್ಲಿ ವಾಟ್ಸಾಪಿನಲ್ಲಿ ಮಾತನಾಡಲು ಬರುವುದಿಲ್ಲವಂತೆ, ಬೇರೆ ಯಾವುದರಲ್ಲೋ ಮಾಡಿದರೆ ನೀನು ಸ್ಪೀಕರ್ ಹಾಕಿಬಿಡುತ್ತೀ. ಅತ್ತ ಮಗು ಅಳುತ್ತದೆ, ಪಕ್ಕದಲ್ಲಿ ಅಳಿಯಂದಿರು. ನಾನು "ಎಂತ ಅಡ್ಗಿ?" ಎಂದು ಕೇಳಿ ಇಡುತ್ತೇನೆ. ಹೇಳುವುದಿದ್ದದ್ದು ಹಾಗೇ ಉಳಿಯುತ್ತದೆ. ನಮ್ಮ ದೋಣಿಯ ಮುತ್ತನ ಮಗ ರೋಷನ್ ನಾಳೆ ಮಸ್ಕತ್ತಿಗೆ ಹೊರಟಿದ್ದಾನೆ. ಲೇಹ್ಯ, ಹಲಸಿನ ಹಪ್ಪಳ, ಒಣ ಸಿಗಡಿ ಚಟ್ನಿ ಎಲ್ಲ ಕಟ್ಟಿಟ್ಟಿದ್ದೇನೆ, ಅದರ ಜೊತೆ ಇದು. ಲಕೋಟೆಗೆ ಚೆನ್ನಾಗಿ ಅಂಟು ಹಚ್ಚಿ ಕಳಿಸುತ್ತೇನೆ. ನೀನೊಬ್ಬಳೇ ಓದು.

ಸುದ್ದಿಗೆ ಬರುತ್ತೇನೆ. ಮುಂಗಾರಿನ ನಿಷೇಧದಲ್ಲಿ ದೋಣಿಗಳೆಲ್ಲ ಗಂಗೊಳ್ಳಿಯಲ್ಲಿ ಕಟ್ಟಿ ನಿಂತಿವೆ. ತಿಂಗಳು ಮುಗಿದರೆ ಮತ್ತೆ ಕಡಲು. ದೋಣಿಯ ಯಜಮಾನ ನಾಗಣ್ಣ ಈಗಾಗಲೇ ಎರಡು ಸಲ ಕೇಳಿದ, ಈ ವರ್ಷವೂ ತಾಂಡೇಲನಾಗಿ ಬರುತ್ತೀಯೋ ಇಲ್ಲವೋ ಎಂದು. ಚುಕ್ಕಾಣಿ ಹಿಡಿಯುವವನು ಯಾರೆಂದು ಗೊತ್ತಾಗದೆ ಅವನು ಉಳಿದವರನ್ನು ಗೊತ್ತುಮಾಡಿಕೊಳ್ಳುವ ಹಾಗಿಲ್ಲ. ನಾನು "ಕಾಂಬ, ಕಾಂಬ" ಎನ್ನುತ್ತಾ ದಿನ ದೂಡಿದೆ. ಅಷ್ಟರೊಳಗೆ ದಡದ ಮೇಲೆಯೇ ಕುಳಿತು ಬದುಕುವ ದಾರಿ ಏನಾದರೂ ಇದೆಯೋ ಎಂದು ನೋಡಿಬಿಡೋಣ ಎನಿಸಿತು. ಈ ವಯಸ್ಸಿನಲ್ಲಿ ಇದೇನು ಹೊಸ ಹುಚ್ಚು ಎಂದು ನೀನು ನಗಬಹುದು. ನಗು. ಆದರೆ ಪೂರ್ತಿ ಓದು.

ಮೊದಲು ಬೈಂದೂರಿಗೆ ಹೋಗಿದ್ದೆ. ಅಲ್ಲೊಂದು ಹಾಲಿನಲ್ಲಿ ಸಭೆ. ಸಾಬೂನು, ಪೇಸ್ಟು, ಮಂಡಿನೋವಿನ ಎಣ್ಣೆ, ಎಲ್ಲ ಒಂದೇ ಕಂಪನಿಯದು. ನಾನು ಕೊಂಡು ಇಬ್ಬರನ್ನು ಸೇರಿಸಬೇಕು, ಅವರು ಮತ್ತೆ ಇಬ್ಬರನ್ನು. ಗೋಳಿಬಜೆ ಬಿಸಿಯಾಗಿತ್ತು, ಚಹಾವೂ ಒಳ್ಳೆಯದಿತ್ತು. ನನ್ನ ಪಕ್ಕದಲ್ಲಿ ಕುಳಿತವನು ಯಾರನ್ನು ಸೇರಿಸಲಿ ಎಂದು ಯೋಚಿಸುತ್ತಾ ನನ್ನನ್ನೇ ನೋಡುತ್ತಿದ್ದ, ನಾನೂ ಅವನನ್ನೇ ನೋಡುತ್ತಿದ್ದೆ. ಅಲ್ಲಿಂದ ಎದ್ದು ಬಂದೆ. ಆಮೇಲೆ ಬ್ರಹ್ಮಾವರದಲ್ಲಿ ಒಬ್ಬರು ಮನೆಯಲ್ಲೇ ಅಣಬೆ ಬೆಳೆಯುತ್ತಾರೆಂದು ಕೇಳಿ ಅದನ್ನೂ ನೋಡಿಬಂದೆ. ಕತ್ತಲೆ ಕೋಣೆಯಲ್ಲಿ ಹುಲ್ಲು ತುಂಬಿದ ಚೀಲಗಳನ್ನು ಸಾಲಾಗಿ ನೇತುಹಾಕಿದ್ದಾರೆ, ಮೈಯೆಲ್ಲ ತೂತು, ತೂತಿನಿಂದ ಬೆಳ್ಳಗೆ ಅಣಬೆ. ಎಷ್ಟು ಚೆಂದ ಗೊತ್ತುಂಟಾ! ತುಂಬ ಹೊತ್ತು ನಿಂತು ನೋಡಿದೆ. ಆ ಮನೆಯಾಕೆ ಮಾತ್ರ ನನ್ನನ್ನು ಒಳಗೆ ಬಿಡುವ ಮೊದಲು ಮತ್ತೆ ಮತ್ತೆ ಸಾಬೂನು ಹಾಕಿ ಕೈ ತೊಳೆಸಿದಳು. ಅಣಬೆಗೆ ಶುದ್ಧ ಬೇಕಂತೆ. ನನ್ನ ಕೈಯ ಮೀನಿನ ವಾಸನೆ ಯಾವ ಸಾಬೂನಿಗೆ ಹೋಗುತ್ತದೆ ಹೇಳು.

ಆಗ ಪದ್ದು ತನ್ನ ಫೋನು ಹಿಡಿದುಕೊಂಡು ಬಂದಳು. "ಭಾವ, ಇಲ್ಲ್ ಕಾಣಿ, ಮನೆಯಂಗೇ ಕೂಕಂಡ್ ದುಡ್ಡ್ ಮಾಡ್ಲಕ್ಕಂಬ್ರ್" ಎಂದಳು. ಆನ್‌ಲೈನ್ ವ್ಯಾಪಾರದ ಕೋರ್ಸು. ಮೊದಲ ಮೂರು ದಿನ ಪುಕ್ಕಟೆ, ಇಷ್ಟವಾದರೆ ಮುಂದಿನದಕ್ಕೆ ಫೀಸು. ಜಗಲಿಯಲ್ಲಿ ಅಕ್ಕಿ ಡಬ್ಬಿಗೆ ಫೋನನ್ನು ಒರಗಿಸಿಟ್ಟು ಇಬ್ಬರೂ ಕುಳಿತೆವು. ಕೋಟು ಹಾಕಿಕೊಂಡ ಹುಡುಗ, ಪ್ರೇಕ್ಷಾಳಿಗಿಂತ ಚಿಕ್ಕವನಿರಬೇಕು, ಹೆಸರಿನ ಮುಂದೆ ಕೋಚ್. ಬೆನ್ನ ಹಿಂದೆ ಗೋಡೆಯಷ್ಟು ದೊಡ್ಡ ಸಮುದ್ರದ ಚಿತ್ರ. ಮಾತು ಮಾತ್ರ ಬಲು ಚುರುಕು, ಕೇಳುತ್ತಲೇ ಇರೋಣ ಅನಿಸುತ್ತದೆ. ನಾವು ಮಲಗಿರುವಾಗಲೂ ದುಡ್ಡು ಬರುತ್ತಿರಬೇಕು ಎಂದ. ಅದು ನನಗೆ ಹೊಸದಲ್ಲ. ರಾತ್ರಿ ಬಲೆ ಬಿಟ್ಟು ಮಲಗಿದರೆ ಮೀನು ತಾನಾಗಿ ಬೀಳುತ್ತದೆ. ಬೆಳಿಗ್ಗೆ ಎಳೆಯುವವರು ಯಾರು ಎಂಬುದನ್ನು ಅವನು ಹೇಳಲಿಲ್ಲ. ಆದರೂ ಸುಳ್ಳು ಹೇಳಬಾರದು, ಕೆಲವು ಒಳ್ಳೆಯ ಮಾತು ಹೇಳಿದ. ಕೊಳ್ಳುವವರು ಯಾರೆಂದು ಮೊದಲು ತಿಳಿದುಕೊಳ್ಳಿ, ಆಮೇಲೆ ಸಾಮಾನು ಹುಡುಕಿ ಎಂದ. ನಾವು ಇಷ್ಟು ವರ್ಷ ಮೀನು ಹಿಡಿದು ತಂದು ಹಾಕಿದ್ದೇ ಹೊರತು ಅದನ್ನು ತಿನ್ನುವವರ ಮುಖವನ್ನು ಯಾವತ್ತಾದರೂ ನೋಡಿದ್ದೇವೆಯೇ?

ಮನೆಕೆಲಸ ಕೊಟ್ಟ. ಗುರುತು ಪರಿಚಯವಿಲ್ಲದವರಿಗೆ ಏನಾದರೊಂದು ಮಾರಿ ತೋರಿಸಬೇಕು. ನಾವು ಒಣ ಸಿಗಡಿ ಆರಿಸಿಕೊಂಡೆವು. ಜಲಜಕ್ಕನ ಮನೆಯಲ್ಲಿ ಬೇಸಿಗೆಯಲ್ಲಿ ಒಣಗಿಸಿಟ್ಟದ್ದು ಡಬ್ಬಿಗಟ್ಟಲೆ ಇತ್ತು. ಪದ್ದು ಬಾಳೆ ಎಲೆಯ ಮೇಲೆ ಹರಡಿ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದಳು. ವನಜಾ, ನೀನು ನಂಬುವುದಿಲ್ಲ, ಮರುದಿನ ಸಂಜೆಯೊಳಗೆ ಶಿವಮೊಗ್ಗದಿಂದ, ಬೆಂಗಳೂರಿನಿಂದ, ದಾವಣಗೆರೆಯಿಂದಲೂ ಬೇಡಿಕೆ ಬಂತು! ನಾನು ಚಿಕ್ಕ ಮಕ್ಕಳ ಹಾಗೆ ಫೋನನ್ನು ತಿರುತಿರುಗಿ ನೋಡಿದೆ. ನನ್ನ ಮುಖವನ್ನೇ ಕಾಣದ ಯಾರೋ ನನ್ನನ್ನು ನಂಬಿ ಸಿಗಡಿ ಕೇಳುತ್ತಿದ್ದಾರಲ್ಲ ಎಂದು ಆಶ್ಚರ್ಯ, ಖುಷಿ, ಎರಡೂ ಆಯಿತು.

ಕೆಟ್ಟದ್ದು ಆಮೇಲೆ. ಸಿಗಡಿಯ ತಲೆ ಬಾಲ ತೆಗೆದು ಪೊಟ್ಟಣ ಕಟ್ಟಲು ಜಗಲಿಯಲ್ಲಿ ಕುಳಿತೆವು. ಹೊರಗೆ ಜಡಿಮಳೆ, ಕೇರಿಯಲ್ಲಿ ಯಾರಿಗೂ ಕೆಲಸವಿಲ್ಲ. ಒಬ್ಬರು ಬಂದು ಕುಳಿತರು, ಮತ್ತೊಬ್ಬರು ಬಂದರು, ಮಾತನಾಡುತ್ತಾ ಎಲ್ಲರೂ ಕೈಹಾಕಿದರು. ಮುತ್ತ ಬಂದ, ಸರಸಕ್ಕ ಬಂದಳು, ಅವಳ ಅತ್ತೆ ಕೋಲೂರಿಕೊಂಡು ಬಂದು ನಾಲ್ಕು ಸಿಗಡಿಯ ತಲೆ ಮುರಿದರು. ಕೆಲಸ ಮುಗಿಯಿತು. ಎದ್ದು ಹೊರಟವರ ಸೆರಗಿಗೆ, ಲುಂಗಿಯ ಮಡಿಲಿಗೆ ನಾನು ಬೊಗಸೆ ಬೊಗಸೆ ಸಿಗಡಿ ಹಾಕಿ ಕಳಿಸಿದೆ. ಕೈರಂಪಣಿಯಲ್ಲಿ ದಡಕ್ಕೆ ಬಲೆ ಎಳೆಯುವಾಗ ದಾರಿಹೋಕನೇ ಆಗಲಿ, ಹಗ್ಗಕ್ಕೆ ಕೈಹಾಕಿದರೆ ಅವನಿಗೊಂದು ಪಾಲು ಇದ್ದೇ ಇದೆಯಲ್ಲ. ಅದು ಬಿಟ್ಟು ನನಗೆ ಬೇರೆ ಲೆಕ್ಕ ಗೊತ್ತಿಲ್ಲ. ಕೊರಿಯರಿನವನ ಆಟೋ ಬಂದಾಗ ನೋಡಿದರೆ ಅರ್ಧ ಪೊಟ್ಟಣಗಳಿಗೆ ತುಂಬಲು ಸಿಗಡಿಯೇ ಇಲ್ಲ! ಪದ್ದು ತಲೆಯ ಮೇಲೆ ಕೈಹೊತ್ತು ಕುಳಿತಳು. "ಭಾವ, ಇದ್ ಕೈರಂಪಣಿ ಅಲ್ಲ, ವ್ಯಾಪಾರ!" ಎಂದಳು. "ಕೈ ಹಾಕ್ದರಿಗೆ ಪಾಲ್ ಕೊಡ್ದೆ ಬರಿಗೈಯಂಗೆ ಹ್ಯಾಂಗೆ ಕಳ್ಸುದ್ ಹೆಣೆ?" ಎಂದೆ. ಜಲಜಕ್ಕನಲ್ಲಿಗೆ ಓಡಿ ಮತ್ತೆ ಸಿಗಡಿ ತಂದು ತುಂಬಿದ್ದಾಯಿತು. ಈಗ ಪದ್ದು ಜಗಲಿಯ ಬಾಗಿಲು ಹಾಕಿಕೊಂಡು ಒಬ್ಬಳೇ ಪೊಟ್ಟಣ ಕಟ್ಟುತ್ತಾಳೆ, ನನ್ನನ್ನು ಹತ್ತಿರ ಸೇರಿಸುವುದಿಲ್ಲ. ದಾವಣಗೆರೆಯವರು ಎರಡನೇ ಸಲವೂ ಕೇಳಿದ್ದಾರೆ. ಅವಳಿಗೆ ಇದು ಕೈಹಿಡಿಯುತ್ತದೆ ನೋಡುತ್ತಿರು. ನನಗೆ ಹೊಟ್ಟೆಕಿಚ್ಚಿಲ್ಲ, ಸ್ವಲ್ಪ ಇದೆ.

ಮೂರನೆಯ ದಿನ ಕೋಚು ಗೆದ್ದವರನ್ನೆಲ್ಲ ತೋರಿಸಿದ. ಕಾರಿನ ಮುಂದೆ ನಿಂತವರು, ವಿಮಾನದಲ್ಲಿ ಕುಳಿತವರು. ಪ್ರಶ್ನೆಯಿದ್ದರೆ ಬರೆಯಿರಿ ಎಂದ. ಇವರೆಲ್ಲ ಏನು ಮಾರುತ್ತಾರೆ ಎಂದು ಪದ್ದುವಿನ ಕೈಯಲ್ಲಿ ಬರೆಸಿದೆ. ಅವನು ಇನ್ನೊಂದು ಕಾರು ತೋರಿಸಿದ. ಮತ್ತೊಮ್ಮೆ ಬರೆಸಿದೆ, ನಮ್ಮನ್ನು ತರಗತಿಯಿಂದಲೇ ಹೊರಗೆ ಹಾಕಿದರು! ಜಗಳಕ್ಕೆ ಕೇಳಿದ್ದಲ್ಲ, ತಿಳಿಯಬೇಕು ಎಂದೇ ಕೇಳಿದ್ದು. ಮರುದಿನ ಅವರ ಆಫೀಸಿನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಸರ್, ಫೀಸು ಕಟ್ಟಲು ಇವತ್ತೇ ಕೊನೆಯ ದಿನ, ನಿಮ್ಮ ಬದುಕು ಬದಲಾಗುತ್ತದೆ ಎಂದು ಪೇಟೆಯ ಕನ್ನಡದಲ್ಲಿ ಹೇಳುತ್ತಾ ಹೋದಳು. ನಡುವೆ ಎಲ್ಲೋ ಒಂದು ಕಡೆ ನಮ್ಮೂರಿನವರ ಹಾಗೆ "ಹೌದಲ್ದಾ" ಅಂದುಬಿಟ್ಟಳು. ನಾನು ಬಿಡುವುದುಂಟೇ! "ಹ್ವಾಯ್, ನಿಂದ್ ಯಾವ್ ಊರ್ ಹೆಣೆ? ಯಾರ್ ಮನಿ?" ಎಂದೆ. ಅವಳು ಸಣ್ಣಗೆ "ಬೈಂದೂರ್" ಎಂದು ಫೋನಿಟ್ಟಳು.

ಸಂಜೆ ಬೇರೆ ನಂಬರಿನಿಂದ ಅವಳೇ ಮಾಡಿದಳು. ಹೆಸರು ಚೇತನಾ. "ಮಾವ, ನೀವ್ ಸೇರ್ಬೇಡಿ" ಎಂದಳು. "ನಾನೂ ದುಡ್ಡ್ ಕಟ್ಟಿ ಅದೇ ಕೋರ್ಸ್ ಮಾಡಿದ್ದ್. ಮುಗ್ದ್ ಮೇಲೆ ಸಿಕ್ಕದ್ ಕೆಲ್ಸ ಇದೊಂದೇ, ನಿಮ್ಗೆಲ್ಲ ಫೋನ್ ಮಾಡುದ್." ನನಗೆ ಅವಳ ಮೇಲೆ ಕನಿಕರವಾಯಿತು. ಊರಿಗೆ ಬಂದಾಗ ಕೋಡಿಗೆ ಬಾ, ಮೀನು ಗಸಿ ಊಟ ಹಾಕುತ್ತೇನೆ ಎಂದೆ. ಯಾರು ಮಾಡಿ ಹಾಕುವುದು ಎಂದು ಕೇಳಬೇಡ, ಅಷ್ಟು ಹೊತ್ತಿಗೆ ನೀನು ಬಂದಿರುತ್ತೀ.

ಹೀಗೆ ನನ್ನ ಪರೀಕ್ಷೆಗಳು ಮುಗಿದವು. ಸಾಬೂನು ಬೇಡ, ಅಣಬೆ ನನ್ನನ್ನು ಒಲ್ಲದು, ಕೋರ್ಸಿನಿಂದ ಹೊರಗೆ ಬಿದ್ದೆ, ಸಿಗಡಿ ಪದ್ದುವಿನ ಪಾಲಾಯಿತು. ಕೊನೆಗೆ ಗಂಗೊಳ್ಳಿಯಲ್ಲಿ ಬಲೆ ಹೊಲಿಯುವವರು ಕೈಗೊಬ್ಬ ಆಳು ಬೇಕು ಎಂದರು. ಮನೆಯಲ್ಲೇ ಕುಳಿತು ಮಾಡುವುದಲ್ಲ, ಮಲಗಿದಾಗ ದುಡ್ಡು ಬರುವುದೂ ಅಲ್ಲ, ಆದರೆ ನೆರಳಿನ ಕೆಲಸ, ಸಂಜೆ ಮನೆಗೆ ಬರಬಹುದು. ಎರಡು ದಿನ ಹೋಗಿ ಕುಳಿತು ಬಂದೆ. ಬೆರಳುಗಳಿಗೆ ಹೊಲಿಗೆ ಮರೆತಿಲ್ಲ.

ಮಗುವಿಗೆ ಎಣ್ಣೆ ಹಚ್ಚುವಾಗ ಅಜ್ಜಯ್ಯನ ಹೆಸರು ಹೇಳಿ ಒಮ್ಮೆ ಮೂಗು ತಿಕ್ಕು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಪ್ರೇಕ್ಷಾಳೂ ಕೂಸೂ ಗಟ್ಟಿಮುಟ್ಟಾಗಿರಲಿ, ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಎಲ್ಲರಿಗೂ ಬಡಿಸಿ ಕೊನೆಗೆ ತಿನ್ನುವ ಅಭ್ಯಾಸ ಅಲ್ಲಾದರೂ ಬಿಡು.

ನಿನ್ನ ದಾರಿ ಕಾಯುತ್ತಿರುವ,
ಪಾಂಡು

ಮತ್ತೆ: ರೋಷನ್ ಗಂಟು ಒಯ್ಯಲು ಅಂಗಳಕ್ಕೆ ಬಂದಾಯಿತು, ಲಕೋಟೆ ಬಿಡಿಸಿ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯವಾಗಲಿಲ್ಲ. ನಾಗಣ್ಣನಿಗೆ ನಿನ್ನೆಯೇ ಹೇಳಿಬಿಟ್ಟೆ, ಇನ್ನು ನಾನು ಕಡಲಿಗೆ ಬರುವುದಿಲ್ಲ ಎಂದು. ದೋಣಿ ಮುತ್ತನ ಕೈಗೆ ಹೋಗುತ್ತದೆ. ಯಾಕೆ ಎಂದು ಕೇಳಿದ. "ವನಜ ಬ್ಯಾಡ ಅಂದ್ಲ್" ಎಂದೆ. ಇಡೀ ಬಂದರಿಗೆ ಈಗ ಅದೇ ಸುದ್ದಿ. ನೀನು ಯಾವತ್ತೂ ಹಾಗೆ ಅಂದವಳಲ್ಲ, ನನಗೆ ಗೊತ್ತು. ನಡೆದದ್ದು ಇದು. ಮೇ ತಿಂಗಳ ಕೊನೆಗೆ ಅಳಿವೆಯ ಬಾಯಿ ದಾಟಿ ಕಡಲಿಂದ ಹೊಳೆಯೊಳಗೆ ಬರುವಾಗ ಒಂದು ತೆರೆ ಅಡ್ಡಕ್ಕೆ ಎದ್ದಿತು. ಅಂಥವನ್ನು ಎಷ್ಟೋ ನೋಡಿದ್ದೇನೆ. ಆದರೆ ಆವತ್ತು ನನ್ನ ಕೈ ಏಳಲೇ ಇಲ್ಲ, ಚುಕ್ಕಾಣಿ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. ಮುತ್ತ ನನ್ನನ್ನು ಪಕ್ಕಕ್ಕೆ ದೂಡಿ ದೋಣಿ ತಿರುಗಿಸಿದ. ಎಲ್ಲರೂ ಬದುಕಿದ್ದು ಅವನಿಂದ. ಅವನು ಯಾರಿಗೂ ಹೇಳಿಲ್ಲ, ಮಗನಿಗೂ ಹೇಳಿಲ್ಲ. ನೀನು ಆಗ ಹೊರಡುವ ಸಂಭ್ರಮದಲ್ಲಿದ್ದೆ, ನಿನಗೂ ಹೇಳಲಾಗಲಿಲ್ಲ. ರೋಷನ್ ಅಲ್ಲಿ ಖಂಡಿತ ಕೇಳುತ್ತಾನೆ. "ಹೌದ್, ನಾನೇ ಬ್ಯಾಡ ಅಂದದ್ದ್" ಎಂದುಬಿಡು. ಸ್ವಲ್ಪ ಸಿಟ್ಟಿನಿಂದ ಹೇಳು, ಆಗ ನಂಬುತ್ತಾನೆ. ನನಗೆ ಹೆದರಿಕೆಯಾಗುತ್ತದೆ ವನಜಾ. ಅದು ನಿನ್ನೊಬ್ಬಳಿಗೆ ಗೊತ್ತಿದ್ದರೆ ಸಾಕು.