ಹಾಡು ಹಾಡಿನ ನಡುವೆ ಒಂದು ನಿಮಿಷ ಮೌನವಂತೆ!

ಧ್ವನಿವರ್ಧಕಕ್ಕೆ ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ನನ್ನ ಮೊಮ್ಮಗಳು ಲುಬ್ನಾಳಿಗೆ ನೀವು ಕೊಟ್ಟಿರುವುದು ಅನುಮತಿಯಲ್ಲ, ಅನುಮತಿಯ ವೇಷ ಹಾಕಿದ ನಿಷೇಧ. ಬರುವ ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ, ಶಿಡ್ಲಘಟ್ಟದಲ್ಲಿ ನಮ್ಮದೇ ಹಳೆಯ ರೇಷ್ಮೆ ರೀಲಿಂಗ್ ಶೆಡ್ಡಿನಲ್ಲಿ ಅವಳ ಮೊದಲ ಡಿಜೆ ಕಾರ್ಯಕ್ರಮ. ಹೌಸ್, ಆಸಿಡ್, ಎಲೆಕ್ಟ್ರಾನಿಕಾ ಎಂಬ ಬಗೆಬಗೆಯ ಸಂಗೀತವನ್ನು ಒಂದರೊಳಗೊಂದು ಬೆರೆಸಿ, ಎರಡು ತಾಸು ಎಲ್ಲೂ ಕಡಿಯದೆ ನುಡಿಸುವುದು ಅವಳ ಕೆಲಸ. ನಿಮ್ಮ ಮೂರನೇ ಷರತ್ತು ಏನು ಹೇಳುತ್ತದೆ? ಪ್ರತಿ ಹಾಡಾದ ಮೇಲೆ ಒಂದು ನಿಮಿಷ ನಿಲ್ಲಿಸಿ ಮುಂದಿನದರ ಹೆಸರು ಘೋಷಿಸಬೇಕು, ಪೇದೆ ಅದನ್ನು ಬರೆದುಕೊಳ್ಳಬೇಕು! ಯಾರ ತಲೆಯಿಂದ ಬಂತು ಸ್ವಾಮಿ ಇದು?

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ರೇಷ್ಮೆ ನೂಲು ತೆಗೆಯಲು ಕೂತವನು. ನನಗೂ ಈ ಸಂಗೀತದ ಮೇಲೆ ಗುಮಾನಿಯೇ ಇತ್ತು. ಅವಳು ಅಭ್ಯಾಸ ಮಾಡುವಾಗ ಒಂದು ದಿನ ಒಂದು ತಾಳದ ಮೇಲೆ ಇನ್ನೊಂದು ಹತ್ತಿತು. ನಮ್ಮ ಕಸುಬಿನಲ್ಲಿ ರಾಟೆಯ ಸದ್ದು ಬದಲಾದರೆ ಎಳೆ ಹರಿದಿದೆ ಎಂದು ಲೆಕ್ಕ, ತಕ್ಷಣ ಮೋಟಾರು ನಿಲ್ಲಿಸಬೇಕು. ಐವತ್ತು ವರ್ಷದ ರೂಢಿ. ಎದ್ದು ಹೋಗಿ ಮೇನ್ ಸ್ವಿಚ್ ಆರಿಸಿಬಿಟ್ಟೆ.

"ದಾದಾ! ಯಾಕ್ ಆರ್ಸಿದ್ರಿ?"

"ಏನೋ ಹರೀತು ಕಣಮ್ಮ."

"ಎಲ್ಲಿ ಹರೀತು? ಒಂದ್ ಗೂಡು ಮುಗಿಯೋಕ್ ಮುಂಚೆ ನೀವು ಇನ್ನೊಂದರ ಎಳೆ ಹಚ್ತಿರ್ಲಿಲ್ವಾ? ನಾನೂ ಅದನ್ನೇ ಮಾಡ್ತಿದ್ದೆ. ಕೆಡ್ಸ್ಬಿಟ್ರಿ!"

ನಾಚಿಕೆಯಾಯಿತು. ನಿಲ್ಲಿಸಿ ನಿಲ್ಲಿಸಿ ತೆಗೆದ ನೂಲನ್ನು ಯಾವ ನೇಕಾರನೂ ಮುಟ್ಟುವುದಿಲ್ಲ. ಅಂಥದ್ದನ್ನೇ ತೆಗೆ ಎಂದು ನೀವು ಮೊಹರು ಒತ್ತಿ ಬರೆದುಕೊಟ್ಟಿದ್ದೀರಿ.

ಕಾರಣ ಕೇಳಲು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತ ಮುನಿನಾರಾಯಣಪ್ಪ ದನಿ ತಗ್ಗಿಸಿ, "ಸಾಬ್ರೇ, ಹಾಡಲ್ಲಿ ಮಾತೇ ಇಲ್ವಂತೆ. ಒಳಗೇನೋ ಐತೆ ಅಂತ ಮೇಲ್ನೋರಿಗೆ ಡೌಟು" ಎಂದ.

"ನಿನ್ ಮದ್ವೇಲಿ ಓಲಗದೋರು ಮಾತು ಬರ್ಕೊಟ್ಟಿದ್ರೇನಪ್ಪ?"

"ಅದು ಬೇರೆ ಬಿಡಿ."

ಹೇಗೆ ಬೇರೆ? ಚುನಾವಣೆ ಗೆದ್ದವರ ಮೆರವಣಿಗೆಯ ಡಿಜೆಗೆ ನಮ್ಮ ಕಿಟಕಿ ಗಾಜು ಅದುರಿದಾಗ ಯಾವ ಪೇದೆ ಹಾಡಿನ ಹೆಸರು ಬರೆದುಕೊಂಡ? ನಿಮಗೆ ಡೌಟು ಬಂದಿದ್ದು ಸಂಗೀತದ ಮೇಲೋ, ಅರ್ಜಿಯಲ್ಲಿದ್ದ ಹೆಸರಿನ ಮೇಲೋ? ಹುಡುಗಿ ಎಂದೋ? ಅಕ್ಕಪಕ್ಕದ ಯಾರಾದರೂ ಚಾಡಿ ಹೇಳಿದರೋ? ಗುಮಾನಿ ಪಡುವ ಹಕ್ಕು ನಿಮಗೊಬ್ಬರಿಗೇ ಇಲ್ಲ, ನನಗೂ ಇದೆ.

ಷರತ್ತು ಓದಿದ ದಿನವೇ ಹುಡುಗಿ ತನ್ನ ಡಿಜೆ ಯಂತ್ರವನ್ನು ಪೆಟ್ಟಿಗೆಗೆ ಹಾಕಿದ್ದಾಳೆ. "ಕಡ್ದು ಕಡ್ದು ನುಡ್ಸೋದಾದ್ರೆ ನಾನ್ ನುಡ್ಸಲ್ಲ ದಾದಾ" ಅನ್ನುತ್ತಾಳೆ. ಚಿಂತಾಮಣಿ, ಗೌರಿಬಿದನೂರಿನ ಗೆಳತಿಯರಿಗೆ ಬರಬೇಡಿ ಎಂದು ಫೋನು ಮಾಡಲು ಹೊರಟವಳನ್ನು ಶುಕ್ರವಾರದವರೆಗೆ ತಡೆದಿದ್ದೇನೆ.

ಅಷ್ಟರೊಳಗೆ ಮೂರನೇ ಷರತ್ತನ್ನು ಹೊಡೆದುಹಾಕಿ. ಆಗದಿದ್ದರೆ ಕಾರಣ ಬರೆದು ಸಹಿ ಹಾಕಿ ಕೊಡಿ, ಗುಸುಗುಸು ಬೇಡ. ಪೇದೆಯನ್ನು ಧಾರಾಳವಾಗಿ ಕಳಿಸಿ, ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸುತ್ತೇನೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಅವನು ಬೆರಳಿಟ್ಟು ತೋರಿಸಲಿ. ತೋರಿಸಿದರೆ ನನ್ನ ಮೊಮ್ಮಗಳಿಗೆ ಕೆಲಸ ಬರುವುದಿಲ್ಲವೆಂದು ನಾನೇ ಒಪ್ಪಿ, ಅವಳನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ.

ಇಂತಿ,
ಆ ಸಂಗೀತಕ್ಕೆ ಈಗಲೂ ತಲೆನೋಯುವ,
ಆದರೂ ಭಾನುವಾರ ಶೆಡ್ಡಿನ ಬಾಗಿಲಲ್ಲಿ ನಿಲ್ಲಲಿರುವ
ಖಾಜಾ ಪೀರ್
ಶಿಡ್ಲಘಟ್ಟ