ಗಾಳಿಗುಡ್ಡದಿಂದ ಇಳಿದವರು

ಬಿಸಿಲುಶಕ ೧೩೧, ಎರಡನೆಯ ಚೈತ್ರದ ಮೂವತ್ತೆಂಟನೆಯ ದಿನ
ಇಂಡಿ ಹಗೇವು

ನಮಗಿಂತ ಮೊದಲು ಬದುಕಿದವರಿಗೆ,

ಈ ತಾರೀಖು ನಿಮಗೆ ತಪ್ಪೆನಿಸಬಹುದು. ಬೇಸಿಗೆ ಬೆಳೆದಂತೆ ನಮ್ಮ ಪಂಚಾಂಗವೂ ಬೆಳೆಯಿತು. ಮಾತುಗಳೂ ಅಷ್ಟೇ, ಮನ್ನಿಸಿಕೊಂಡು ಓದಿ. ಹಗೇವು ಎಂದರೆ ನಿಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕುಳಿ. ನಾವು ಅದನ್ನೇ ಅಗಲ ಮಾಡಿ, ಆಳ ಮಾಡಿ ಒಳಗೆ ಸಂಸಾರ ಹೂಡಿದ್ದೇವೆ. ಬೇಸಿಗೆಯಲ್ಲಿ ಮೇಲೆ ತಗಡಿನಡಿ ಉಳಿದವರಲ್ಲಿ ಹಲವರು ಮಳೆಗಾಲ ಕಾಣುವುದಿಲ್ಲ. ಕೆಳಗೆ ಇರುವ ಹಕ್ಕನ್ನು ತಂಪುಪಾಲು ಎನ್ನುತ್ತೇವೆ. ಸೈನಿಕರ ಸಂಬಳವೂ ಅದೇ. ದಂಡಿನಿಂದ ಬಿಡುಗಡೆಯಾದ ದಿನ ಅವರಿಗೂ ಅವರ ಮನೆಯವರಿಗೂ ಹಗೇವಿನಲ್ಲಿ ಜಾಗ ಸಿಗುತ್ತದೆ.

ನಾನು ಸಾವಂತ್ರೆವ್ವ ಹೂಗಾರ. ಗಾಳಿಯಂತ್ರಗಳಿದ್ದ ಗುಡ್ಡಕ್ಕಾಗಿ ನೆರೆಯ ನಾಡಿನೊಡನೆ ನಡೆದ ಯುದ್ಧದಲ್ಲಿ ಕಿವಿಗಾರ್ತಿಯಾಗಿದ್ದೆ. ಹಾರಿ ಬರುವ ಯಂತ್ರಗಳ ಸದ್ದನ್ನು ದೂರದಿಂದಲೇ ಗುರುತಿಸಿ ಕೂಗುವ ಕೆಲಸ. ಗುಡ್ಡ ನಮ್ಮದಾಯಿತು. ಊರುಗಳಲ್ಲಿ ಹೋಳಿಗೆ ಹಂಚಿದರಂತೆ. ನಮ್ಮನ್ನು ಮಾತ್ರ ಕೆಳಗಿಳಿಸಲಿಲ್ಲ. ಒಪ್ಪಂದಕ್ಕೆ ಎರಡು ನಾಡುಗಳ ಸಹಿ ಆಗಿಲ್ಲ, ಆದ್ದರಿಂದ ಯುದ್ಧ ಮುಗಿದಿಲ್ಲ, ಆದ್ದರಿಂದ ಬಿಡುಗಡೆಯಿಲ್ಲ ಎಂದು ರಾಜಧಾನಿಯಿಂದ ಹೇಳಿಕಳಿಸಿದರು. ಮಳೆಗಾಲ ಕಳೆಯಿತು, ಚಳಿ ಕಳೆಯಿತು. ಬಂದೂಕು ಒರೆಸುವುದು, ಯಂತ್ರಗಳ ಕೆಳಗೆ ಸತ್ತುಬಿದ್ದ ಹಕ್ಕಿಗಳನ್ನು ಗುಡಿಸುವುದು, ಇಷ್ಟೇ ನಮ್ಮ ಕೆಲಸ.

ನನ್ನ ಜೊತೆ ಕಾವಲಿದ್ದವನು ದುಂಡಪ್ಪ ಕಂಬಾರ. ಅವನ ತಾಯಿ ತಗಡಿನ ಶೆಡ್ಡಿನಲ್ಲಿ ಮಗನ ದಾರಿ ಕಾಯುತ್ತಿದ್ದಳು. ಮೊದಲ ಚೈತ್ರದ ಬಿಸಿಗಾಳಿ ಎದ್ದ ವಾರವೇ ಅವಳು ತೀರಿಕೊಂಡ ಸುದ್ದಿ ಬಂತು. ದುಂಡಪ್ಪ ಅಳಲಿಲ್ಲ. ರಜೆ ಕೇಳಲು ನಮ್ಮ ದಳಪತಿ ಶಾಲ್ಮಲಾ ದೇಸಾಯಿಯವರ ಬಳಿ ಹೋಗಿ, ಬೇಗನೆ ವಾಪಸು ಬಂದ.

"ಯುದ್ಧದಾಗ ರಜಾ ಇಲ್ಲಂತ ಅಕ್ಕಾ," ಎಂದ. "ಯಾವ ಯುದ್ಧ ಅಂತ ಕೇಳಿದೆ. ದೇಸಾಯಿ ಬಾಯಾರು ತಲಿ ತಗ್ಗಿಸಿದ್ರು."

ಮರುದಿನ ಬೆಳಿಗ್ಗೆ ನಾವೆಲ್ಲ ಬಂದೂಕುಗಳನ್ನು ಕೋಠಿಯಲ್ಲಿಟ್ಟು ಬೀಗ ಹಾಕಿ, ಸಾಲು ಕಟ್ಟಿ ಇಳಿಜಾರಿನ ದಾರಿ ಹಿಡಿದೆವು. ತಿರುವಿನಲ್ಲಿ ದೇಸಾಯಿಯವರು ಒಬ್ಬರೇ ಅಡ್ಡ ನಿಂತಿದ್ದರು.

"ಇದು ದಂಡು ಬಿಟ್ಟು ಓಡಿಹೋದಂಗ. ಗುಂಡು ಹಾಕಸಬೇಕಾಗತೈತಿ."

"ಹಾಕಸ್ರಿ ಬಾಯಾರ," ಎಂದ ದುಂಡಪ್ಪ. "ಯಾರ ಕೈಲೆ ಹಾಕಸ್ತೀರಿ? ಬಂದೂಕ ಹಿಡಿಯಾವ್ರೆಲ್ಲಾ ಇಲ್ಲೇ ನಿಂತೀವಿ."

ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, "ಸಾಲು ಸೊಟ್ಟ ಆಗೇತಿ. ನೆಟ್ಟಗ ಮಾಡ್ರಿ," ಎಂದು ಗದರಿ, ತಿರುಗಿ, ನಮ್ಮ ಮುಂದೆ ತಾವೇ ಹೆಜ್ಜೆ ಹಾಕತೊಡಗಿದರು.

ದಾರಿಯುದ್ದಕ್ಕೂ ಜನ ಹಗೇವಿನ ಬಾಗಿಲು ತೆರೆದು ಮಜ್ಜಿಗೆ ಕೊಟ್ಟರು. ಬಿಸಿಲಿಗೆ ಇಬ್ಬರು ಬಿದ್ದರು. ಅವರನ್ನು ಹೊತ್ತುಕೊಂಡೇ ರಾಜಧಾನಿ ಸೇರಿದೆವು. ನಾಡನ್ನಾಳುವ ಸಭೆಯವರು ನೆಲದ ಕೆಳಗಿನಿಂದ ಮೇಲೆ ಬಂದು ನಮ್ಮನ್ನು ಕಂಡರು. ಅಂದೇ ಸಂಜೆ ಯುದ್ಧ ಮುಗಿಯಿತೆಂದು ಸಾರಿದರು. ನೆರೆನಾಡಿನ ಸಹಿ ಇಂದಿಗೂ ಆಗಿಲ್ಲ. ನಮಗೆ ತಂಪುಪಾಲು ಕೊಟ್ಟರು, ಗುಡ್ಡದ ಮೇಲೆ ಕಾದ ತಿಂಗಳುಗಳಿಗೆ ಏನೂ ಕೊಡಲಿಲ್ಲ. ದೇಸಾಯಿಯವರನ್ನು ಮಾತ್ರ ಪಾಲಿಲ್ಲದೆ ಹೊರಹಾಕಿದರು. ದುಂಡಪ್ಪ ಮೊದಲು ಅವರನ್ನು ತನ್ನ ಹಗೇವಿಗೆ ಕರೆದುಕೊಂಡು ಹೋದ, ಆಮೇಲೆ ತಾಯಿಯ ಗೋರಿಗೆ ಹೋದ. ಈಗ ಬೇಸಿಗೆಯಿಂದ ಬೇಸಿಗೆಗೆ ನಮ್ಮ ಮನೆಗಳು ಸರದಿಯ ಮೇಲೆ ಅವರನ್ನು ಇಟ್ಟುಕೊಳ್ಳುತ್ತವೆ. ಈ ಸಲ ನನ್ನ ಮನೆ. ಅವರಿಗೆ ನನ್ನ ರೊಟ್ಟಿ ದಪ್ಪವಂತೆ.

ನಿಮ್ಮ ಕಾಲದಲ್ಲೂ ಯುದ್ಧಗಳಿದ್ದವೆಂದು ಓದಿದ್ದೇನೆ. ಹೋಗಬೇಡಿ ಎನ್ನಲು ನಾನು ಯಾರು? ನಾನೂ ಹೋದವಳೇ. ಆದರೆ ಕರೆಯಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಯುದ್ಧ ಮುಗಿಯಿತು ಎನ್ನುವವರು ಯಾರು ಎಂದು ಕೇಳಿ. ಅವರ ಹೆಸರು ಹೇಳುವ ತನಕ ಬೂಟಿನ ದಾರ ಕಟ್ಟಬೇಡಿ.

ನಿಮ್ಮ ಮುಂದಿನವಳು,
ಸಾವಂತ್ರೆವ್ವ